ಹಗಲಿನ ಬೆಲ್ಲಿನಾ, ಇರುಳಿನ ಬ್ರಸ್ಸಾವೊಲಾ

ನರ್ಸರಿಗಳಲ್ಲಿ ಸಿಗುವ ಫೆಲನಾಪ್ಸಿಸ್ ಎಂಬ ಆರ್ಕಿಡ್‌ನ ಮಿಶ್ರತಳಿಗಳಲ್ಲಿ ಹೆಚ್ಚಿನವಕ್ಕೆ ಪರಿಮಳವೇ ಇರುವುದಿಲ್ಲ. ಆದ್ದರಿಂದ ಕಂಪಿಗೆಂದೇ ಹೆಸರಾದ ಮೂರು ಆರ್ಕಿಡ್‌ಗಳನ್ನು ಬೆಂಗಳೂರಿನ ನಮ್ಮ ಬಾಲ್ಕನಿಯಲ್ಲಿ ಬೆಳೆಸಿ, ಹೂ ಬಿಟ್ಟಾಗ ಹಗಲೂ ರಾತ್ರಿಯೂ ಮೂಸಿ ನೋಡಿದೆ. ಒಂದೇ ವಾಸನೆಯನ್ನು ಕೆಲ ನಿಮಿಷ ಸತತವಾಗಿ ಮೂಸಿದರೆ ಮೂಗು ಅದಕ್ಕೆ ಒಗ್ಗಿ ಗುರುತಿಸುವುದನ್ನೇ ಬಿಡುತ್ತದೆ. ಇದು ತಿಳಿಯದೆ ಮೊದಲ ವಾರ ಬರೆದಿಟ್ಟ ಟಿಪ್ಪಣಿಗಳನ್ನೆಲ್ಲ ಹರಿದುಹಾಕಿ, ಹೂವಿನಿಂದ ಹೂವಿಗೆ ಹತ್ತು ನಿಮಿಷ ಬಿಡುವು ಕೊಟ್ಟು ಮತ್ತೆ ಆರಂಭಿಸಬೇಕಾಯಿತು.

ಬೋರ್ನಿಯೊ ಮೂಲದ ಫೆಲನಾಪ್ಸಿಸ್ ಬೆಲ್ಲಿನಾದ ಕಂಪಿನಲ್ಲಿ ಲಿನಲೂಲ್ ಮತ್ತು ಜೆರೇನಿಯಾಲ್ ಎಂಬ ಸುಗಂಧ ರಾಸಾಯನಿಕಗಳು ಮುಖ್ಯ. ಮೊದಲನೆಯದು ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಹೇರಳವಾಗಿದ್ದರೆ, ಎರಡನೆಯದು ಗುಲಾಬಿ ಎಣ್ಣೆಯಲ್ಲಿದೆ. ನನ್ನ ಮೂಗಿಗೆ ಸಿಕ್ಕಿದ್ದು ಗುಲಾಬಿ, ಅದರ ಬೆನ್ನಿಗೇ ನಿಂಬೆ ಸಿಪ್ಪೆಯ ಚುರುಕು. ಮೂರರಲ್ಲಿ ಅತ್ಯಂತ ಸೊಗಸಾದ ಕಂಪು ಇದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ಹಗಲಿನ ಕಂಪು. ನಾನು ಕಚೇರಿಯಿಂದ ಮರಳುವ ಹೊತ್ತಿಗೆ ಬಹುಮಟ್ಟಿಗೆ ಇಳಿದಿರುತ್ತಿತ್ತು. ಮೇಲಾಗಿ, ಡಿಸೆಂಬರಿನ ಚಳಿ ಈ ಗಿಡಕ್ಕೆ ಹಿಡಿಸದ ಕಾರಣ ರಾತ್ರಿ ಒಳಗೆ ಎತ್ತಿಡಬೇಕಾಗುತ್ತಿತ್ತು.

ಮಧ್ಯ ಅಮೆರಿಕದ ಬ್ರಸ್ಸಾವೊಲಾ ನೊಡೊಸಾ ಇದಕ್ಕೆ ತದ್ವಿರುದ್ಧ. ಹಗಲಲ್ಲಿ ಎಷ್ಟು ಮೂಸಿದರೂ ಏನೂ ತಿಳಿಯದ ಈ ಬಿಳಿ ಹೂವು, ಕತ್ತಲಾದ ಮೇಲೆ ಐದಾರು ಹೆಜ್ಜೆ ದೂರಕ್ಕೂ ಘಮ್ಮೆನ್ನುತ್ತದೆ. ಇದರ ಪರಾಗಸ್ಪರ್ಶ ಮಾಡುವುದು ರಾತ್ರಿ ಹಾರುವ ಹಾಕ್ ಪತಂಗಗಳಾದ್ದರಿಂದ, ಅವು ಬರದ ಹೊತ್ತಿನಲ್ಲಿ ಸುಗಂಧವನ್ನು ವ್ಯಯಮಾಡಿ ಗಿಡಕ್ಕೆ ಪ್ರಯೋಜನವಿಲ್ಲ.

ಆನ್ಸಿಡಿಯಂ ಶಾರಿ ಬೇಬಿಯ ವಿಷಯದಲ್ಲಿ ಮನೆಯಲ್ಲೇ ಒಮ್ಮತ ಮೂಡಲಿಲ್ಲ. ಎಲ್ಲರೂ ಹೇಳುವ ಚಾಕೊಲೇಟ್ ವಾಸನೆ ಮಗಳಿಗೆ ಕೂಡಲೇ ತಿಳಿಯಿತು. ಅಮ್ಮನಿಗೆ ಮಾತ್ರ ಅದು ಹದ ತಪ್ಪಿದ ಬೆಲ್ಲದ ಪಾಕ. ಮನುಷ್ಯರ ಮೂಗಿನಲ್ಲಿ ವಾಸನೆ ಗುರುತಿಸುವ ಸುಮಾರು 400 ಬಗೆಯ ಗ್ರಾಹಕಗಳಿದ್ದು, ಅವುಗಳ ಜೀನ್‌ಗಳು ವ್ಯಕ್ತಿಯಿಂದ ವ್ಯಕ್ತಿಗೆ ತುಸು ಭಿನ್ನವಾಗಿರುವುದರಿಂದ ಇಬ್ಬರ ಮಾತೂ ನಿಜವಿರಬಹುದು. ಪಾಕದ ನೆನಪಿನ ಪಾಲೂ ಅದರಲ್ಲಿ ಇಲ್ಲದಿಲ್ಲ. ಆರೈಕೆಯ ದೃಷ್ಟಿಯಿಂದ ಮೂರರಲ್ಲಿ ಇದೇ ಸುಲಭದ ಗಿಡ.

ಒಂದನ್ನೇ ಇಟ್ಟುಕೊಳ್ಳಬೇಕೆಂದರೆ, ಹಗಲಿಡೀ ಹೊರಗಿರುವ ನಾನು ಬ್ರಸ್ಸಾವೊಲಾವನ್ನು ಆಯ್ದುಕೊಳ್ಳುತ್ತೇನೆ. ಮನೆಯಲ್ಲೇ ಇರುವವರಿಗೆ ಬೆಲ್ಲಿನಾ ಮೇಲು. ಬ್ರಸ್ಸಾವೊಲಾವನ್ನು ಮಲಗುವ ಕೋಣೆಯ ಕಿಟಕಿಗೆ ತೂಗುಹಾಕಿದ್ದೆ. ಎರಡನೆಯ ರಾತ್ರಿಯೇ ತಲೆನೋವು ಬಂದು, ಅದನ್ನು ಬಾಲ್ಕನಿಯ ತುದಿಗೆ ಸಾಗಿಸಿದೆ.