ಮೊದಲ ಸಂಬಳದ ಹುಡುಗರೇ, ಮಿನಿಮಮ್ ಡ್ಯೂ ಕಟ್ಟಿ ಸುಮ್ಮನಾಗಬೇಡಿ

ಇದು ನನ್ನ ತಮ್ಮನಿಗೆ ಆದದ್ದು. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವನ ಹೆಸರು, ಬ್ಯಾಂಕಿನ ಹೆಸರು, ಕಂಪನಿ ಹೆಸರು ಯಾವುದನ್ನೂ ಹಾಕುವುದಿಲ್ಲ. ಯಾವ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ತೆಗೆದುಕೊಂಡರೂ ಲೆಕ್ಕ ಹೆಚ್ಚುಕಡಿಮೆ ಇದೇ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ, ಕೂರ್ಗಳ್ಳಿ ಕಡೆ ಕೆಲಸಕ್ಕೆ ಸೇರಿರುವವರು, ಮಂಡ್ಯದಿಂದ ದಿನಾ ರೈಲು ಹತ್ತಿ ಮೈಸೂರಿಗೆ ಬರುವವರು, ಸಂಬಳ ಶುರುವಾಗಿ ಒಂದೆರಡು ವರ್ಷ ಆಗಿರುವವರು ದಯವಿಟ್ಟು ಪೂರ್ತಿ ಓದಿ. ಉದ್ದ ಆಗುತ್ತದೆ, ಆದರೂ ಓದಿ.

ತಮ್ಮ ಡಿಪ್ಲೊಮಾ ಮುಗಿಸಿ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸಕ್ಕೆ ಸೇರಿದ. ಕೈಗೆ ಬರುವ ಸಂಬಳ 23,000. ಸಂಬಳದ ಅಕೌಂಟ್ ಇದ್ದ ಬ್ಯಾಂಕಿನಿಂದಲೇ ಫೋನ್ ಬಂತು. 'ಸರ್, ನಿಮಗೆ ಕಾರ್ಡ್ ಪ್ರೀ-ಅಪ್ರೂವ್ ಆಗಿದೆ, ಲೈಫ್‌ಟೈಮ್ ಫ್ರೀ, ಒಂದು ರೂಪಾಯಿ ಚಾರ್ಜ್ ಇಲ್ಲ' ಅಂದರು. ಲಿಮಿಟ್ 60,000. ಎರಡೂವರೆ ತಿಂಗಳ ಸಂಬಳಕ್ಕಿಂತ ಜಾಸ್ತಿ ದುಡ್ಡು, ಒಂದು ಸಹಿ ಇಲ್ಲದೆ, ಓಟಿಪಿ ಹೇಳಿದ ಮಾತ್ರಕ್ಕೆ ಕೈಗೆ ಬಂತು. ಅಪ್ಪ ಸೊಸೈಟಿಯಲ್ಲಿ ಬೆಳೆಸಾಲ ತೆಗೆಯುವಾಗ ಪಹಣಿ ಹಿಡಿದು ಎಷ್ಟು ಸಲ ಓಡಾಡುತ್ತಾರೆ ಅನ್ನುವುದನ್ನು ನೋಡಿ ಬೆಳೆದ ಹುಡುಗ ಅವನು. ಇದು ಸಾಲ ಅಂತಲೇ ಅವನಿಗೆ ಅನಿಸಲಿಲ್ಲ.

ಶೋಕಿ ಮಾಡಿ ಹಾಳಾದ ಅಂತ ಸಂಬಂಧಿಕರು ಈಗಲೂ ಹೇಳುತ್ತಾರೆ. ನನಗೆ ಕೋಪ ಬರುತ್ತದೆ. ನಾನು ಅವನ ಸ್ಟೇಟ್‌ಮೆಂಟ್‌ಗಳನ್ನು ಒಂದೊಂದಾಗಿ ನೋಡಿದ್ದೇನೆ. ಒಂದು ಫೋನ್ ತೆಗೆದುಕೊಂಡಿದ್ದಾನೆ, ನಿಜ. ಎರಡು ಜೊತೆ ಬಟ್ಟೆ, ದಸರಾಕ್ಕೆ ಊರಿನ ಗೆಳೆಯರು ಬಂದಾಗ ಊಟ. ಮಿಕ್ಕಿದ್ದೆಲ್ಲ ಬೈಕ್ ರಿಪೇರಿ, ರೂಮ್ ಅಡ್ವಾನ್ಸ್, ದಿನಸಿ, ಪೆಟ್ರೋಲ್. ದೊಡ್ಡ ಹೊಡೆತ ಬಿದ್ದದ್ದು ಅವ್ವನಿಗೆ ಹುಷಾರಿಲ್ಲದೆ ಮಂಡ್ಯದಲ್ಲಿ ಆಸ್ಪತ್ರೆಗೆ ಸೇರಿಸಿದಾಗ. ಕಬ್ಬು ಕಡಿದು ಫ್ಯಾಕ್ಟರಿಗೆ ಹಾಕಿ ಆಗಿತ್ತು, ದುಡ್ಡು ಬಂದಿರಲಿಲ್ಲ. ಅಪ್ಪ ಕೈಸಾಲಕ್ಕೆ ಅಲೆಯುವುದು ಬೇಡ ಅಂತ ಇವನು ಯಾರಿಗೂ ಹೇಳದೆ ಎಟಿಎಂಗೆ ಹೋಗಿ ಕ್ರೆಡಿಟ್ ಕಾರ್ಡ್‌ನಲ್ಲಿ 20,000 ಕ್ಯಾಶ್ ತೆಗೆದ.

ಈ ಕ್ಯಾಶ್ ವಿಷಯ ಯಾರಿಗೂ ಗೊತ್ತಿರುವುದಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಕಾರ್ಡ್ ಉಜ್ಜಿ ಸಾಮಾನು ತೆಗೆದರೆ 45-50 ದಿನದವರೆಗೆ ಬಡ್ಡಿ ಇಲ್ಲ ಅನ್ನುತ್ತಾರಲ್ಲ, ಅದು ಕ್ಯಾಶ್‌ಗೆ ಇಲ್ಲ. ಎಟಿಎಂನಿಂದ ನೋಟು ಹೊರಗೆ ಬಂದ ದಿನದಿಂದಲೇ ಬಡ್ಡಿ ಶುರು. ಅದರ ಮೇಲೆ ತೆಗೆದದ್ದಕ್ಕೆ ಬೇರೆ ಚಾರ್ಜ್. ಇವನಿಗೆ ಶೇಕಡ 2.5ರಂತೆ 500 ರೂಪಾಯಿ, ಅದಕ್ಕೆ ಜಿಎಸ್‌ಟಿ 90. ಒಟ್ಟು 590 ರೂಪಾಯಿ ಮೊದಲ ದಿನವೇ ಹೋಯಿತು.

ಫೋನ್ ತೆಗೆದದ್ದು 'ನೋ ಕಾಸ್ಟ್ ಇಎಂಐ'ನಲ್ಲಿ. ಅಲ್ಲೂ ಬ್ಯಾಂಕ್ ಬಡ್ಡಿ ಹಾಕುತ್ತದೆ. ಅಂಗಡಿಯವರು ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ಕಡಿಮೆ ಮಾಡಿದಂತೆ ತೋರಿಸುತ್ತಾರೆ. ಬಡ್ಡಿ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಮ್ಮ ತಲೆಗೆ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕ್‌ಗಳಿಗೆ ಹೇಳಿದೆ. ಆದರೂ ಅಂಗಡಿ ಮುಂದೆ ಬೋರ್ಡ್ ಹಾಗೇ ಇದೆ. ಇನ್ನು 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಸೇರಿಸಬಹುದು. ಟೀ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವಾಗ ಅಕೌಂಟ್‌ನಲ್ಲಿರುವ ನಮ್ಮ ದುಡ್ಡು ಹೋಗುತ್ತಿದೆಯೋ ಬ್ಯಾಂಕಿನ ಸಾಲ ಏರುತ್ತಿದೆಯೋ ಗಮನಕ್ಕೇ ಬರುವುದಿಲ್ಲ. ತಮ್ಮನ ಸ್ಟೇಟ್‌ಮೆಂಟ್‌ನಲ್ಲಿ ಹತ್ತು ರೂಪಾಯಿ, ಇಪ್ಪತ್ತು ರೂಪಾಯಿಯ ಸಾಲುಗಳೇ ಪುಟಗಟ್ಟಲೆ ಇದ್ದವು.

ಈಗ ಮುಖ್ಯ ವಿಷಯ. ಪ್ರತಿ ತಿಂಗಳು ಸ್ಟೇಟ್‌ಮೆಂಟ್‌ನಲ್ಲಿ ಎರಡು ಮೊತ್ತ ಇರುತ್ತದೆ. ಒಂದು ಟೋಟಲ್ ಡ್ಯೂ, ಅಂದರೆ ಪೂರ್ತಿ ಬಾಕಿ. ಇನ್ನೊಂದು ಮಿನಿಮಮ್ ಡ್ಯೂ, ಅಂದರೆ ದಂಡ ಬೀಳದಿರಲು ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ. ಆಸ್ಪತ್ರೆ ಖರ್ಚಾದ ತಿಂಗಳು ಇವನ ಕೈಯಲ್ಲಿ ಪೂರ್ತಿ ಕಟ್ಟುವಷ್ಟು ಇರಲಿಲ್ಲ. ಮಿನಿಮಮ್ ಕಟ್ಟಿದ. 'ಪೇಮೆಂಟ್ ಬಂದಿದೆ, ಧನ್ಯವಾದ' ಅಂತ ಮೆಸೇಜ್ ಬಂತು. ಯಾರೂ ಫೋನ್ ಮಾಡಲಿಲ್ಲ, ದಂಡ ಬೀಳಲಿಲ್ಲ. ಮುಂದಿನ ತಿಂಗಳೂ ಅಷ್ಟೇ ಕಟ್ಟಿದ. ಹೀಗೆ ಒಂದು ವರ್ಷದ ಮೇಲೆ ನಡೆಯಿತು. ಅವನ ಲೆಕ್ಕದಲ್ಲಿ ಅವನು ಸರಿಯಾಗಿ ಕಂತು ಕಟ್ಟುತ್ತಿದ್ದ. ನಡುವೆ ಬ್ಯಾಂಕ್‌ನವರು, ಚೆನ್ನಾಗಿ ಕಟ್ಟುತ್ತಿದ್ದೀರಿ, ಲಿಮಿಟ್ 1,50,000ಕ್ಕೆ ಏರಿಸುತ್ತೇವೆ, ಒಪ್ಪಿಗೆ ಕೊಡಿ ಅಂದರು. ನಮ್ಮ ಒಪ್ಪಿಗೆ ಇಲ್ಲದೆ ಲಿಮಿಟ್ ಏರಿಸುವಂತಿಲ್ಲ ಅಂತ ನಿಯಮ ಇದೆ. ಇವನು ಬಟನ್ ಒತ್ತಿ ಒಪ್ಪಿಕೊಂಡ.

ನಾನು ಪೇಪರ್ ಪೆನ್ನು ಹಿಡಿದು ಹಾಕಿದ ಲೆಕ್ಕ ಇದು, ನೀವೂ ಹಾಕಿ ನೋಡಿ. ಬಾಕಿ ಒಂದು ಲಕ್ಷ ಇದೆ ಅಂದುಕೊಳ್ಳಿ. ಬಡ್ಡಿ ತಿಂಗಳಿಗೆ ಶೇಕಡ 3.5. ಅಂದರೆ 3,500. ಕ್ರೆಡಿಟ್ ಕಾರ್ಡ್ ಬಡ್ಡಿಗೆ ಶೇಕಡ 18 ಜಿಎಸ್‌ಟಿ ಉಂಟು, ಅದು 630. ಒಟ್ಟು 4,130. ಇವನ ಕಾರ್ಡ್‌ನಲ್ಲಿ ಮಿನಿಮಮ್ ಡ್ಯೂ ಬಾಕಿಯ ಶೇಕಡ 5, ಅಂದರೆ 5,000. ಐದು ಸಾವಿರ ಕಟ್ಟಿದರೆ ಅಸಲಿಗೆ ಹೋಗುವುದು 870 ರೂಪಾಯಿ! ಹೊಸದಾಗಿ ಒಂದು ರೂಪಾಯಿಯೂ ಖರ್ಚು ಮಾಡದೆ ಹೀಗೇ ಒಂದು ವರ್ಷ ಕಟ್ಟಿಕೊಂಡು ಹೋದರೆ ಸುಮಾರು 57,000 ಕಟ್ಟಿರುತ್ತೀರಿ, ಸಾಲ ಇಳಿದಿರುವುದು ಹತ್ತು ಸಾವಿರದಷ್ಟು ಮಾತ್ರ. ತಮ್ಮನಂತೂ ಹೊಸ ಖರ್ಚು ನಿಲ್ಲಿಸಿರಲಿಲ್ಲ. ಒಂದು ತಿಂಗಳು ಬಾಕಿ ಉಳಿಸಿದರೆ ಬಡ್ಡಿ ಇಲ್ಲದ ದಿನಗಳ ಸೌಲಭ್ಯವೇ ಹೋಗುತ್ತದೆ, ಹೊಸದಾಗಿ ತೆಗೆದ ಸಾಮಾನಿಗೂ ತೆಗೆದ ದಿನದಿಂದಲೇ ಬಡ್ಡಿ ಬೀಳುತ್ತದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಬಾಕಿ ಇಳಿಯುವ ಬದಲು ಏರುತ್ತಲೇ ಇತ್ತು.

ನಮ್ಮ ಕಡೆ ಊರಲ್ಲಿ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲೇ ಮಾತಾಡುವುದು ಅಲ್ವಾ. ನೂರಕ್ಕೆ ಎರಡು ರೂಪಾಯಿ ಅಂದರೆ ಕಷ್ಟಕ್ಕೆ ಪರವಾಗಿಲ್ಲ ಅನ್ನುತ್ತಾರೆ. ಮೂರು ರೂಪಾಯಿ ಅಂದರೆ ಅಪ್ಪ ಆ ಮನೆ ಕಡೆ ತಲೆ ಹಾಕುವುದಿಲ್ಲ. ಅಂಥ ಮನೆಯ ಹುಡುಗ ನೂರಕ್ಕೆ ಮೂರೂವರೆ ರೂಪಾಯಿ, ಜಿಎಸ್‌ಟಿ ಸೇರಿಸಿದರೆ ನಾಲ್ಕು ರೂಪಾಯಿ ಮೇಲೆ ಬಡ್ಡಿ ಕಟ್ಟುತ್ತಿದ್ದ. ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ ಐವತ್ತರ ಹತ್ತಿರ. ಅದನ್ನು ಸ್ಟೇಟ್‌ಮೆಂಟ್‌ನ ಕೊನೆ ಪುಟದಲ್ಲಿ ಸಣ್ಣ ಅಕ್ಷರದ ಇಂಗ್ಲಿಷ್‌ನಲ್ಲಿ ಹಾಕಿರುತ್ತಾರೆ. ಬರೀ ಮಿನಿಮಮ್ ಕಟ್ಟಿದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಅಂತ ಎಚ್ಚರಿಕೆ ಸಾಲೂ ಅಲ್ಲೇ ಇರುತ್ತದೆ, ಅದು ರಿಸರ್ವ್ ಬ್ಯಾಂಕಿನ ನಿಯಮ. ಓದುವವರು ಯಾರು? ಸರ್ಕಾರ, ಕೋರ್ಟು ತಡೆಯುತ್ತದೆ ಅಂತಲೂ ಕೂರಬೇಡಿ. ವರ್ಷಕ್ಕೆ ಶೇಕಡ 30ಕ್ಕಿಂತ ಜಾಸ್ತಿ ಬಡ್ಡಿ ಹಾಕುವುದು ಅನ್ಯಾಯ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿದೆ.

ಮುಂದೆ ಆದದ್ದು ಬೇಗ ಹೇಳಿಬಿಡುತ್ತೇನೆ. ಮಿನಿಮಮ್ ಕಟ್ಟುವುದೂ ಕಷ್ಟವಾದಾಗ ಎರಡನೇ ಕಾರ್ಡ್ ತೆಗೆದ. 'ಕಾರ್ಡ್ ಸ್ವೈಪ್ ಮಾಡಿ ಕ್ಯಾಶ್ ಕೊಡುತ್ತೇವೆ' ಅಂತ ವಾಟ್ಸಾಪ್ ಸ್ಟೇಟಸ್ ಹಾಕಿಕೊಂಡು ಕೆಲವರು ಓಡಾಡುತ್ತಾರಲ್ಲ, ಅಂಥವರ ಹತ್ತಿರ ಕಮಿಷನ್ ಕೊಟ್ಟು ಎರಡನೇ ಕಾರ್ಡ್ ಉಜ್ಜಿಸಿ ಆ ದುಡ್ಡಲ್ಲಿ ಮೊದಲನೆಯದನ್ನು ಕಟ್ಟಿದ. ಅವರ ಕೈಗೆ ಕಾರ್ಡ್, ಓಟಿಪಿ ಎರಡೂ ಹೋಗುತ್ತದೆ, ಏನು ಬೇಕಾದರೂ ಆಗಬಹುದಿತ್ತು. ದಯವಿಟ್ಟು ಅಲ್ಲಿಗೆ ಹೋಗಬೇಡಿ. ಅದೂ ಸಾಲದೆ ಫೋನ್‌ನಲ್ಲಿ ಒಂದು ಲೋನ್ ಆ್ಯಪ್. ಕೊನೆಗೆ ಮೊದಲ ಕಾರ್ಡ್ 1,12,000, ಎರಡನೆಯದು 48,000, ಆ್ಯಪ್ 20,000. ಒಟ್ಟು ಒಂದು ಲಕ್ಷದ ಎಂಬತ್ತು ಸಾವಿರ. ಸಂಬಳ ಅದೇ 23,000.

ಎರಡು ತಿಂಗಳು ಕಟ್ಟದೆ ಹೋದಾಗ ಫೋನ್ ಶುರುವಾಯಿತು. ಮೊದಲು ಅವನಿಗೆ, ಆಮೇಲೆ ಕಂಪನಿಗೆ, ಆಮೇಲೆ ಆ್ಯಪ್‌ನವರು ಅವನ ಫೋನ್‌ನಲ್ಲಿದ್ದ ನಂಬರ್‌ಗಳಿಗೆಲ್ಲ. ಅಪ್ಪನಿಗೆ ಗೊತ್ತಾದದ್ದು ಬೆಳಗ್ಗೆ ಡೈರಿಗೆ ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದಾಗ. ಅವರಿಗೆ ಸರಿಯಾಗಿ ಕೇಳಿಸುವುದಿಲ್ಲ ಅಂತ ಫೋನ್ ಸ್ಪೀಕರ್‌ನಲ್ಲಿ ಇಡುತ್ತಾರೆ. 'ನಿಮ್ಮ ಮಗ ಸಾಲ ತಗೊಂಡು ಓಡಿಹೋಗಿದಾನೆ, ಊರಿಗೇ ಬರ್ತೀವಿ' ಅಂದ ಮಾತನ್ನು ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅಪ್ಪ ಕ್ಯಾನ್ ಅಲ್ಲೇ ಬಿಟ್ಟು ಮನೆಗೆ ಬಂದು ನನಗೆ ಫೋನ್ ಮಾಡಿದರು. 'ಏನವ್ವಾ, ಅವನು ಏನ್ ಮಾಡ್ಕೊಂಡವ್ನೆ ನೋಡು' ಅಂದರು, ಅಷ್ಟೇ. ತಮ್ಮನಿಗೆ ಮಾಡಿದರೆ ಸ್ವಿಚ್ ಆಫ್. ಅವತ್ತು ಮಧ್ಯಾಹ್ನದವರೆಗೆ ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ. ರೂಮಿನಲ್ಲೇ ಇದ್ದ, ದೇವರ ದಯೆ. ಕುವೆಂಪುನಗರದ ನಮ್ಮ ಮನೆಗೆ ಕರೆದುಕೊಂಡು ಬಂದೆವು. 'ಅಕ್ಕ, ಹೇಗೆ ಹೇಳೋದು ಗೊತ್ತಾಗಲಿಲ್ಲ' ಅಂತ ಅತ್ತ. ಇಂಥ ಸ್ಥಿತಿಯಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲು ಮನೆಯಲ್ಲಿ ಒಬ್ಬರಿಗೆ ಹೇಳಿ. ಅಪ್ಪನಿಗೆ ಆಗದಿದ್ದರೆ ಅಕ್ಕನಿಗೆ, ಮಾವನಿಗೆ, ಗೆಳೆಯನಿಗೆ. ಬೈಸಿಕೊಂಡರೂ ಪರವಾಗಿಲ್ಲ.

ಆಮೇಲೆ ಏನು ಮಾಡಿದೆವು ಅಂತ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಬಹುದು. ಬ್ಯಾಂಕಿನ ವಸೂಲಿ ಏಜೆಂಟ್ 'ಸೆಟಲ್‌ಮೆಂಟ್ ಮಾಡಿಕೊಳ್ಳಿ, ಅರವತ್ತು ಪರ್ಸೆಂಟ್ ಕಟ್ಟಿ ಮುಗಿಸಿ' ಅಂದ. ಕೇಳಲು ಚೆನ್ನಾಗಿದೆ. ಆದರೆ ನಾವು ಸಾಲ ಹೇಗೆ ತೀರಿಸಿದ್ದೇವೆ ಅಂತ ಬ್ಯಾಂಕ್‌ಗಳಿಗೆ ತೋರಿಸುವ ಸಿಬಿಲ್ ರಿಪೋರ್ಟ್‌ನಲ್ಲಿ ಆ ಸಾಲದ ಮುಂದೆ ಪೂರ್ತಿ ತೀರಿಸಿದ್ದು ಅಂತ ಬರುವುದಿಲ್ಲ, 'ಸೆಟಲ್ಡ್' ಅಂತ ಬರುತ್ತದೆ. ನಾಳೆ ಮನೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಮೊದಲು ಅದನ್ನೇ ನೋಡುತ್ತಾರೆ. ಬೇರೆ ದಾರಿಯೇ ಇಲ್ಲದವರು ಮಾಡಿಕೊಳ್ಳಲಿ, ತಪ್ಪಿಲ್ಲ, ಆದರೆ ಬ್ಯಾಂಕಿನಿಂದ ಪತ್ರ ಕೈಗೆ ಬರುವವರೆಗೆ ಏಜೆಂಟ್ ಮಾತು ನಂಬಿ ಒಂದು ರೂಪಾಯಿಯನ್ನೂ ಕಳಿಸಬಾರದು. ನಾವು ನನ್ನ ಸರ, ಬಳೆ ಬ್ಯಾಂಕಿನಲ್ಲಿ ಅಡ ಇಟ್ಟು ಮೂರೂ ಸಾಲ ಪೂರ್ತಿ ಕಟ್ಟಿದೆವು. ಚಿನ್ನದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ಒಂಬತ್ತರ ಹತ್ತಿರ ಬಡ್ಡಿ. ಒಂದು ಲಕ್ಷದ ಎಂಬತ್ತು ಸಾವಿರಕ್ಕೆ ವರ್ಷಕ್ಕೆ 16,000 ಚಿಲ್ಲರೆ. ಕಾರ್ಡ್ ಬಡ್ಡಿ ಲೆಕ್ಕದಲ್ಲಿ ಅದೇ ಸಾಲ ಉಳಿದಿದ್ದರೆ 89,000. ಈಗ ತಮ್ಮ ತಿಂಗಳು ತಿಂಗಳು ನನಗೆ ಕೊಡುತ್ತಾನೆ, ನಾನು ಬ್ಯಾಂಕಿಗೆ ಕಟ್ಟುತ್ತೇನೆ.

ಏಜೆಂಟ್‌ಗಳ ಬಗ್ಗೆ ತಿಳಿದುಕೊಳ್ಳಿ. ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ಮನೆಯವರ, ಸ್ನೇಹಿತರ ಮುಂದೆ ಮಾನ ಕಳೆಯುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಲೋನ್ ಆ್ಯಪ್ ನಮ್ಮ ಫೋನ್‌ನ ನಂಬರ್ ಪಟ್ಟಿ, ಫೋಟೋಗಳಿಗೆ ಕೈ ಹಾಕುವಂತಿಲ್ಲ ಅನ್ನುವ ನಿಯಮವೂ ಅದೇ ವರ್ಷ ಬಂತು. ಕಾಲ್ ರೆಕಾರ್ಡ್, ಮೆಸೇಜ್ ಎಲ್ಲ ಉಳಿಸಿಟ್ಟುಕೊಂಡು ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿ ಇಲ್ಲದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಪುಕ್ಕಟೆ ದೂರು ಕೊಡಬಹುದು. ಅವರ ಸಹಾಯವಾಣಿ 14448. ನಾವು ಬ್ಯಾಂಕಿಗೆ ಲಿಖಿತ ದೂರು ಕೊಟ್ಟ ಮೇಲೆ ಅಪ್ಪನಿಗೆ ಫೋನ್ ಬರುವುದು ನಿಂತಿತು.

ಕಾರ್ಡ್ ಇದ್ದರೆ ಸಿಬಿಲ್ ಸ್ಕೋರ್ ಬೆಳೆಯುತ್ತದೆ, ಅದಕ್ಕೆ ಎಲ್ಲರೂ ತೆಗೆದುಕೊಳ್ಳಬೇಕು ಅಂತ ರೀಲ್ಸ್‌ನಲ್ಲಿ ಹೇಳುವವರು ಬಹಳ. ಪ್ರತಿ ತಿಂಗಳು ಟೋಟಲ್ ಡ್ಯೂ ಪೂರ್ತಿ ಕಟ್ಟುವವರಿಗೆ ಕಾರ್ಡ್‌ನಿಂದ ನಿಜಕ್ಕೂ ಲಾಭ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಪ್ಪತ್ತು ಇಪ್ಪತ್ತೈದು ಸಾವಿರ ಸಂಬಳದಲ್ಲಿ ಊರಿಗೂ ಕಳಿಸಿ, ಬಾಡಿಗೆಯೂ ಕಟ್ಟುವವರಿಗೆ ಒಂದು ಕೆಟ್ಟ ತಿಂಗಳು ಬಂದೇ ಬರುತ್ತದೆ. ಆ ತಿಂಗಳಿಗೆ ಕ್ರೆಡಿಟ್ ಕಾರ್ಡೊಂದೇ ಗತಿ ಆದರೆ ಕೆಟ್ಟಿತು. ಮೂರು ತಿಂಗಳ ಖರ್ಚು ಅಕೌಂಟ್‌ನಲ್ಲೋ ಆರ್‌ಡಿಯಲ್ಲೋ ಕೂಡಿಡುವವರೆಗೆ ಕಾರ್ಡ್ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈಗಾಗಲೇ ಇದ್ದರೆ ಕಾರ್ಡನ್ನು ಯುಪಿಐನಿಂದ ತೆಗೆದುಹಾಕಿ, ಲಿಮಿಟ್ ಕಡಿಮೆ ಮಾಡಿಸಿ, ಸಂಬಳದ ಅಕೌಂಟ್‌ನಿಂದ ಟೋಟಲ್ ಡ್ಯೂ ತಾನಾಗೇ ಕಡಿತವಾಗುವಂತೆ ಆಟೋ ಡೆಬಿಟ್ ಹಾಕಿ. ಹಾಕುವಾಗ ನೋಡಿಕೊಳ್ಳಿ, ಅಲ್ಲೂ ಮಿನಿಮಮ್, ಟೋಟಲ್ ಅಂತ ಎರಡು ಆಯ್ಕೆ ಕೇಳುತ್ತದೆ.

ಕಾರ್ಡ್ ಮುಚ್ಚಿಸುವವರಿಗೆ ಒಂದು ಮಾತು. ಬಾಕಿ ಪೂರ್ತಿ ಕಟ್ಟಿ ಮುಚ್ಚಲು ಕೇಳಿದ ಮೇಲೆ ಬ್ಯಾಂಕ್ 7 ಕೆಲಸದ ದಿನದೊಳಗೆ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಅವರೇ ನಮಗೆ ಕೊಡಬೇಕು. ಕಾಲ್ ಸೆಂಟರ್‌ನವರು ಪಾಯಿಂಟ್ಸ್ ಕೊಡುತ್ತೇವೆ, ಇಟ್ಟುಕೊಳ್ಳಿ ಅಂತ ಎಳೆದಾಡುತ್ತಾರೆ. ಇಮೇಲ್‌ನಲ್ಲೇ ಕೇಳಿ, ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಳ್ಳಿ. ಆಮೇಲೆ ಸಿಬಿಲ್ ರಿಪೋರ್ಟ್ ತೆಗೆದು ನೋಡಿ, ವರ್ಷಕ್ಕೊಂದು ಸಲ ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ತಮ್ಮನ ರಿಪೋರ್ಟ್‌ನಲ್ಲಿ ಎರಡೂ ಕಾರ್ಡ್ ಕ್ಲೋಸ್ ಅಂತ ಬಂದಿದೆ. ಆ್ಯಪ್ ಸಾಲ ಮಾತ್ರ ಇನ್ನೂ ಬಾಕಿ ಅಂತಲೇ ತೋರಿಸುತ್ತಿತ್ತು, ಕಟ್ಟಿದ ರಸೀದಿ ಹಾಕಿ ತಿದ್ದಿಸಲು ಅರ್ಜಿ ಕೊಟ್ಟಿದ್ದೇವೆ.