ಎಲೆಯ ಚೂರು ಕೊಟ್ಟು 24 ದಿನ: ಪುಣೆಯ ಒಂದು ಡಿಎನ್‌ಎ ಮಾರ್ಕರ್ ಪ್ರಯೋಗಾಲಯ

ಪುಣೆಯ ಹೊರವಲಯದಲ್ಲಿ, ಶುಲ್ಕ ಪಡೆದು ಬೆಳೆಗಳ ಡಿಎನ್‌ಎ ಮಾರ್ಕರ್ (ಬೇಕಾದ ಗುಣದ ಡಿಎನ್‌ಎ ಭಾಗ ಸಸಿಯಲ್ಲಿದೆಯೇ ಎಂದು ತೋರಿಸುವ ಗುರುತು) ಪರೀಕ್ಷೆ ಮಾಡಿಕೊಡುವ ಖಾಸಗಿ ಪ್ರಯೋಗಾಲಯವೊಂದಕ್ಕೆ ಕಳೆದ ಹಿಂಗಾರಿನಲ್ಲಿ ನಮ್ಮ ಜೋಳದ ಸಸಿಗಳ ಎಲೆಗಳನ್ನು ಕೊಟ್ಟಿದ್ದೆ. ಇಲ್ಲಿ ತಳಿ ಅಭಿವೃದ್ಧಿಯ ಕೆಲಸದಲ್ಲಿರುವ ಕನ್ನಡಿಗರು ಕೆಲವರು ಆ ಸೇವೆ ಹೇಗಿದೆ ಎಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ದೂರೂ ಇರುವುದರಿಂದ ಹೆಸರು ಬೇಡ.

ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಮಾಲದಂಡಿಯಿಂದ ಆಯ್ದು ತೆಗೆದ ಎಂ 35-1 ರೊಟ್ಟಿಗೆ ಹೇಳಿ ಮಾಡಿಸಿದ ಜೋಳ. ಆದರೆ ಕಾಳು ತುಂಬುವ ಹೊತ್ತಿಗೆ ನೆಲದ ಹಸಿ ಆರಿದರೆ ಅದರ ಎಲೆಯೂ ಒಣಗುತ್ತದೆ. ಅಂಥ ಬರದಲ್ಲೂ ಎಲೆಯನ್ನು ಹಸಿರಾಗಿ ಉಳಿಸುವ ನಾಲ್ಕು ಮುಖ್ಯ ಡಿಎನ್‌ಎ ಭಾಗಗಳು ಬಿ 35 ಎಂಬ ತಳಿಯಲ್ಲಿ ಗುರುತಾಗಿವೆ. ಅವುಗಳಲ್ಲಿ ಮೂರನ್ನು ಈ ಮಾಲದಂಡಿಗೆ ತರಲು ಎರಡು ಸಲ ಬ್ಯಾಕ್‌ಕ್ರಾಸ್ ಮಾಡಿ, ಅಂದರೆ ಸಂಕರದ ಸಸಿಯನ್ನು ಮತ್ತೆ ಮಾಲದಂಡಿಯ ಜೊತೆಗೇ ಸಂಕರಿಸಿ, ಪಡೆದ 92 ಸಸಿಗಳು ನಮ್ಮಲ್ಲಿದ್ದವು. ಮೂರೂ ಭಾಗ ಬಂದಿರುವ ಸಸಿ ಎಂಟಕ್ಕೆ ಒಂದರಂತೆ, ಅಂದರೆ ಹನ್ನೊಂದೋ ಹನ್ನೆರಡೋ ಸಿಗಬೇಕು. ನೋಡಲು ಎಲ್ಲವೂ ಒಂದೇ. ಯಾವುದರ ಎಲೆ ಹಸಿರುಳಿಯುತ್ತದೆಂದು ಕಾದು ಕೂತರೆ ಸಂಕರದ ಹೊತ್ತು ಮೀರಿರುತ್ತದೆ. ಹಾಗಾಗಿ ತೆನೆ ಹೂವಾಡುವ ಮೊದಲು ಬಾರದ ಫಲಿತಾಂಶ ಎಷ್ಟೇ ನಿಖರವಾಗಿದ್ದರೂ ನಮಗೆ ಉಪಯೋಗವಿಲ್ಲ.

ಮಾದರಿ ಪಡೆಯುವ ಕೌಂಟರಿನಲ್ಲಿದ್ದವರು ಬೈಲಹೊಂಗಲದ ಕಡೆಯವರು. ನನ್ನ ಮಾತಿನ ಧಾಟಿ ಕೇಳಿ ಕನ್ನಡಕ್ಕೇ ಹೊರಳಿ, "ಎಲಿ ಹಸಿ ಉಳಿದ್ರ ಬೂಸರ ಹಿಡೀತದ್ರಿ ಸರ, ಸಿಲಿಕಾ ನೀಲಿ ಇರೂತನಕ ಚಿಂತಿ ಇಲ್ರಿ" ಎಂದು ಹೇಳಿಕೊಟ್ಟರು. ಎಲೆಯ ಜೊತೆ ಇಡುವ, ತೇವ ಹೀರುವ ಸಿಲಿಕಾ ಹರಳು ಒಣಗಿದ್ದಾಗ ನೀಲಿಯಾಗಿರುತ್ತದೆ. ದರಪಟ್ಟಿ ಸ್ಪಷ್ಟವಾಗಿತ್ತು.

ಪರೀಕ್ಷೆಯ ಗುಣಮಟ್ಟದ ಬಗ್ಗೆ ನನಗೆ ತಕರಾರಿಲ್ಲ. ಅವರು ಬಳಸುವುದು ಎರಡು ಬಣ್ಣದ ಹೊಳಪಿನಿಂದ ಎರಡು ಆಲೀಲುಗಳನ್ನು (ಒಂದೇ ಜಾಗದ ಡಿಎನ್‌ಎಯ ಎರಡು ರೂಪಗಳನ್ನು) ಬೇರ್ಪಡಿಸುವ ಕಾಸ್ಪ್ ವಿಧಾನ. ಫಲಿತಾಂಶದ ನಕ್ಷೆಯಲ್ಲಿ ಪ್ರತಿ ಸಸಿಯೂ ಒಂದು ಚುಕ್ಕೆ. ಬ್ಯಾಕ್‌ಕ್ರಾಸಿನಲ್ಲಿ ಮಾಲದಂಡಿಯಂಥವು ಒಂದು ಗುಂಪು, ಎರಡೂ ರೂಪವಿರುವ ಮಿಶ್ರ ಸಸಿಗಳು ನಡುವಿನ ಗುಂಪು, ಗುಣ ಕೊಡುವ ದಾನಿ ತಳಿಯ ಮೂಲೆಯಲ್ಲಿ ನಾವೇ ಇಟ್ಟ ಬಿ 35ರ ಒಂದೇ ಒಂದು ಚುಕ್ಕೆ ಬರಬೇಕು. ಮೂರು ಮಾರ್ಕರುಗಳ ನಕ್ಷೆಯಲ್ಲೂ ಹಾಗೆಯೇ ಇತ್ತು. ಗೋಧಿಯವರು ಮಾತ್ರ ಮೊದಲು ಒಂದು ಪ್ಲೇಟು (ಎಲೆಯ ಚೂರು ಹಾಕುವ ಗುಳಿಗಳ ತಟ್ಟೆ) ಕೊಟ್ಟು ನೋಡುವುದು ಒಳ್ಳೆಯದು, ಏಕೆಂದರೆ ಅದರ ಮೂರು ಜೀನೋಮುಗಳಲ್ಲಿ (ಡಿಎನ್‌ಎಯ ಪೂರ್ಣ ಕಟ್ಟುಗಳಲ್ಲಿ) ಒಂದನ್ನೊಂದು ಹೋಲುವ ತುಣುಕುಗಳಿಂದಾಗಿ ಗುಂಪುಗಳು ಒಂದಕ್ಕೊಂದು ಅಂಟಿಕೊಳ್ಳುವುದುಂಟು.

ಎಡವಟ್ಟಾದದ್ದು ಪ್ಲೇಟಿನಲ್ಲಿ. 96 ಗುಳಿಗಳ ಪ್ಲೇಟಿನಲ್ಲಿ ಕೊನೆಯ ಎರಡನ್ನು, ಎಚ್11 ಮತ್ತು ಎಚ್12ನ್ನು, ನಾನು ಬೇಕೆಂದೇ ಖಾಲಿ ಬಿಟ್ಟಿದ್ದೆ. ವರದಿಯಲ್ಲಿ ಅವೆರಡಕ್ಕೂ ಫಲಿತಾಂಶವಿತ್ತು. ಎಲೆ ಹಾಕಿದ್ದ ಮೊದಲ ಎರಡು ಗುಳಿಗಳು, ಎ1 ಮತ್ತು ಎ2, ಖಾಲಿಯಾಗಿದ್ದವು. ಯಾರೋ ಪ್ಲೇಟನ್ನು ತಿರುಗಿಸಿ ಇಟ್ಟಿದ್ದರು, ಅದರಿಂದ ಒಂದು ಸಸಿಯ ಉತ್ತರ ಇನ್ನೊಂದರ ಮುಂದೆ ಕೂತಿತ್ತು. ಮೂರೂ ಭಾಗವಿರುವ ಸಸಿಗಳು ವರದಿಯಲ್ಲೂ ಹನ್ನೊಂದೇ ಇದ್ದುದರಿಂದ ಎಣಿಕೆಯಿಂದ ಇದು ಗೊತ್ತಾಗುವಂತಿರಲಿಲ್ಲ. ಖಾಲಿ ಗುಳಿ ಬಿಡದೆ ಇದ್ದಿದ್ದರೆ ತಪ್ಪು ಸಸಿಗಳನ್ನು ಸಂಕರಿಸಿ ಒಂದು ಹಂಗಾಮನ್ನೇ ಕಳೆದುಕೊಳ್ಳುತ್ತಿದ್ದೆ. ಫೋನಿನಲ್ಲಿ ಮೊದಲು "ನಿಮ್ಮ ಪಟ್ಟಿಯೇ ತಪ್ಪಿರಬಹುದು" ಎಂದರು, ಬೇಸರವಾದದ್ದು ಅದಕ್ಕೆ. ಕೊನೆಗೆ ಎಂಟು ಸಸಿಗಳ ಹೊಸ ಎಲೆಗಳನ್ನು ಶುಲ್ಕವಿಲ್ಲದೆ ಪರೀಕ್ಷಿಸಿ, ತಪ್ಪು ಒಪ್ಪಿಕೊಂಡು, ಸರಿಪಡಿಸಿದ ವರದಿ ಕಳಿಸಿದರು.

ಹತ್ತು ಕೆಲಸದ ದಿನ ಎಂದದ್ದು ಇದೆಲ್ಲ ಸೇರಿ 24 ದಿನವಾಯಿತು. ಹಿಂಗಾರಿ ಜೋಳ ಹೂವಾಡಲು ಎರಡು ತಿಂಗಳಿಗೂ ಹೆಚ್ಚು ಬೇಕಾದ್ದರಿಂದ ನಾನು ಪಾರಾದೆ. ಮಾರ್ಕರುಗಳ ನೆರವಿನಿಂದಲೇ ಕೇದಿಗೆ ರೋಗ ತಡೆಯುವ ಗುಣ ಸೇರಿಸಿ 2005ರಲ್ಲಿ ಬಿಡುಗಡೆಯಾದ ಎಚ್‌ಎಚ್‌ಬಿ 67 ಇಂಪ್ರೂವ್ಡ್‌ನಂಥ ಸಜ್ಜೆ ಅರವತ್ತೈದು ದಿನದೊಳಗೇ ಕೊಯ್ಲಿಗೆ ಬರುತ್ತದೆ. ಅಂಥ ಬೆಳೆಯವರಿಗೆ ಈ ವಿಳಂಬ ಹೊಂದದು.

ಮುಂದಿನ ಹಿಂಗಾರಿಗೂ ಅಲ್ಲಿಗೇ ಕೊಡುತ್ತೇನೆ, ಆದರೆ ಮೂಲೆಯ ಎರಡರ ಜೊತೆಗೆ ಸಿ4ನ್ನೂ ಖಾಲಿ ಬಿಡುತ್ತೇನೆ.