ಸ್ಟ್ರೈಪರ್: ‘ಫಾಲನ್’ ಹೆಚ್ಚೋ, ‘ಗಾಡ್ ಡ್ಯಾಮ್ ಈವಿಲ್’ ಹೆಚ್ಚೋ?

ಕ್ರೈಸ್ತ ಭಕ್ತಿಯನ್ನು ಮೆಟಲ್‌ನಲ್ಲಿ, ಅಂದರೆ ಅಬ್ಬರದ ರಾಕ್ ಸಂಗೀತದಲ್ಲಿ, ಹಾಡುವ ಸ್ಟ್ರೈಪರ್ ಅಂದರೆ ಬಹಳ ಜನಕ್ಕೆ ನೆನಪಾಗುವುದು 1986ರ ಆಲ್ಬಮ್ ‘ಟು ಹೆಲ್ ವಿತ್ ದ ಡೆವಿಲ್’, ಹಳದಿ-ಕಪ್ಪು ಪಟ್ಟೆಯ ಬಟ್ಟೆ, ವೇದಿಕೆಯಿಂದ ಜನರತ್ತ ಎಸೆಯುತ್ತಿದ್ದ ಬೈಬಲ್‌ಗಳು. ನನ್ನನ್ನು ಕೇಳಿದರೆ, ಈ ಕ್ಯಾಲಿಫೋರ್ನಿಯಾ ಬ್ಯಾಂಡಿನ ಗಟ್ಟಿ ಕೆಲಸ ಬಂದದ್ದು ಗಾಯಕ ಮೈಕಲ್ ಸ್ವೀಟ್‌ಗೆ ಐವತ್ತು ತುಂಬಿದ ಮೇಲೆ. 2015ರ ‘ಫಾಲನ್’, 2018ರ ‘ಗಾಡ್ ಡ್ಯಾಮ್ ಈವಿಲ್’ ಎರಡೂ ಆಲ್ಬಮ್‌ಗಳನ್ನು ಎರಡು ವಾರ ದಿನಕ್ಕೊಂದರಂತೆ ಕೇಳಿದೆ. ರಾತ್ರಿ ಹೆಡ್‌ಫೋನಿನಲ್ಲಿ, ಭಾನುವಾರ ಸ್ಪೀಕರಿನಲ್ಲಿ.

‘ಫಾಲನ್’ ಶುರುವಾಗುವುದೇ ‘ಯಾಹ್ವೆ’ ಹಾಡಿನಿಂದ. ಸೆವೆನ್‌ಡಸ್ಟ್ ಬ್ಯಾಂಡಿನ ಕ್ಲಿಂಟ್ ಲೋವರಿ ಜೊತೆ ಸೇರಿ ಬರೆದ, ಆರು ನಿಮಿಷ ದಾಟುವ ಹಾಡು. ಶಿಲುಬೆಯ ಕಥೆ. ಆ ದಪ್ಪ ಗಿಟಾರ್ ರಿಫ್‌ನ (ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛ) ಮೇಲೆ ದನಿಗಳು ಒಂದರ ಮೇಲೊಂದು ಕೂಡಿ ಏರುತ್ತವೆ, ಚರ್ಚಿನ ಗಾಯನವೃಂದ ಹಾಗೇ ನಡೆದು ಬಂದು ಮೆಟಲ್ ನಡುವೆ ನಿಂತ ಹಾಗೆ. ಮೊದಲ ರಾತ್ರಿ ಇದೊಂದನ್ನೇ ನಾಲ್ಕು ಸಲ ಕೇಳಿ ಮಲಗಿದೆ. ಭಾರವೂ ಭಕ್ತಿಯೂ ಇಷ್ಟು ಬಿಗಿಯಾಗಿ ಹೆಣೆದುಕೊಂಡ ಇನ್ನೊಂದು ಸ್ಟ್ರೈಪರ್ ಹಾಡು ನನಗೆ ಗೊತ್ತಿಲ್ಲ. ಇದೇ ಆಲ್ಬಮ್‌ನಲ್ಲಿ ಬ್ಲ್ಯಾಕ್ ಸ್ಯಾಬತ್‌ನ ‘ಆಫ್ಟರ್ ಫಾರೆವರ್’ ಕೂಡ ಇದೆ. ಸೈತಾನನ ಬ್ಯಾಂಡ್ ಎಂದು ಬೈಸಿಕೊಳ್ಳುತ್ತಿದ್ದವರು 1971ರಲ್ಲಿ ದೇವರ ಬಗ್ಗೆ ಹಾಡಿದ್ದ ಹಾಡದು. ಸ್ಟ್ರೈಪರ್ ಕೈಗೆ ಬಂದಾಗ ತವರಿಗೆ ಬಂದಂತಿದೆ. ಬಾಸ್ ವಾದಕ ಟಿಮ್ ಗೇನ್ಸ್ ಬ್ಯಾಂಡಿನ ಜೊತೆ ಮಾಡಿದ ಕೊನೆಯ ಸ್ಟುಡಿಯೊ ಆಲ್ಬಮ್ಮೂ ಇದೇ. ನಿಧಾನದ ‘ಆಲ್ ಓವರ್ ಅಗೇನ್’ ಮಾತ್ರ ನನಗೆ ಹಿಡಿಸಲಿಲ್ಲ.

‘ಗಾಡ್ ಡ್ಯಾಮ್ ಈವಿಲ್’ ಹೆಸರಿಗೇ ಜನ ಸಿಟ್ಟಾದರು. ಅದು ಬೈಗುಳವಲ್ಲ, ಪ್ರಾರ್ಥನೆ: ದೇವರೇ, ಕೇಡನ್ನು ಶಪಿಸು. ಮೊದಲ ಹಾಡು ‘ಟೇಕ್ ಇಟ್ ಟು ದ ಕ್ರಾಸ್’ನಲ್ಲಿ ಓಡುವ ವೇಗ, ಮೈಕಲ್‌ನ ಕಿರಿಚು ದನಿ, ಜೊತೆಗೆ ಶ್ಯಾಡೋಸ್ ಫಾಲ್ ಬ್ಯಾಂಡಿನ ಮ್ಯಾಟ್ ಬಶಾಂಡ್‌ನ ಗರ್ಜನೆ. ಧೈರ್ಯ ಮೆಚ್ಚಿದೆ, ಆದರೆ ಪಲ್ಲವಿ ಕಿವಿಗೆ ಹೊಂದಲಿಲ್ಲ. ಹತ್ತನೇ ಸಲವೂ ಹೊಂದಲಿಲ್ಲ. ಆಮೇಲಿನ ಹಾಡುಗಳಲ್ಲಿ ಹಳೆಯ ಸ್ಟ್ರೈಪರ್ ಮರಳಿ ಸಿಗುತ್ತದೆ, ಆದರೆ ಮೊದಲ ಹಾಡಿಗೂ ಉಳಿದವಕ್ಕೂ ನಂಟು ಕಾಣುವುದಿಲ್ಲ.

ಈ ಮಾತು ಇದೇ ಆಲ್ಬಮ್‌ನ ‘ದ ವ್ಯಾಲಿ’ಗೆ ಅನ್ವಯಿಸುವುದಿಲ್ಲ. ಬೈಬಲಿನ 23ನೇ ಕೀರ್ತನೆಯ ಮೇಲೆ ಕಟ್ಟಿದ, ಹೆಜ್ಜೆ ಎತ್ತಿಡಲೂ ಕಷ್ಟವೆನ್ನಿಸುವಂಥ ಭಾರದ ನಡೆಯ ಹಾಡು. ಅಮ್ಮ ರಾತ್ರಿ ಪ್ರಾರ್ಥನೆಯಲ್ಲಿ ಓದುತ್ತಿದ್ದ ಕೀರ್ತನೆಯದು. ಕನ್ನಡ ಬೈಬಲಿನಲ್ಲಿ ಅದು ಕಾರ್ಗತ್ತಲಿನ ಕಣಿವೆ, ಅಲ್ಲಿ ನಡೆಯುವವನು ಹೆದರುವುದಿಲ್ಲ ಎನ್ನುವುದೂ ಕೇಡಿಗೇ. ಹೀಗಾಗಿ ಆಲ್ಬಮ್‌ನ ಹೆಸರು ನನಗೆ ಪೂರ್ತಿ ಅರ್ಥವಾದದ್ದು ಈ ಹಾಡಿನಲ್ಲಿ. ಸ್ಪೀಕರಿನಲ್ಲಿ ಹಾಕಿದಾಗ ಆ ರಿಫ್ ಎದೆಗೆ ಬಂದು ತಾಕುತ್ತದೆ. ಹೆಡ್‌ಫೋನಿನಲ್ಲಿ ಅರ್ಧ ಸುಖ.

ಬಿಡಿ ಹಾಡಿನ ಲೆಕ್ಕದಲ್ಲಿ ‘ಯಾಹ್ವೆ’, ‘ದ ವ್ಯಾಲಿ’ ಸಮಸಮ. ಪೂರ್ತಿ ಆಲ್ಬಮ್ ಎಂದರೆ ‘ಫಾಲನ್’, ಅನುಮಾನವೇ ಇಲ್ಲ. ಸ್ಟ್ರೈಪರ್ ಕೇಳಿಯೇ ಇಲ್ಲದವರಿಗೆ ಮಾತ್ರ ನಾನು ಕಳಿಸುವುದು ಈ ಎರಡನ್ನೂ ಅಲ್ಲ, 2013ರ ‘ನೋ ಮೋರ್ ಹೆಲ್ ಟು ಪೇ’. ಅದರಲ್ಲಿ ರಾಗ ಮುಂದೆ, ಭಾರ ಹಿಂದೆ. ಅದು ಹಿಡಿಸಿದರೆ ಮರುದಿನವೇ ‘ಯಾಹ್ವೆ’ ಹಾಕಿ.